ಲೋ ವಿಷನ್ ಅಂದ್ರೆ ಬರೀ ಭೂತಗನ್ನಡಿ ಅಲ್ಲ

ಬಿ.ಆಪ್ಟಮ್ (ಕಣ್ಣು ಪರೀಕ್ಷೆಯ ಪದವಿ) ಮುಗಿಸಿ ಲೋ ವಿಷನ್ (ಮಂದದೃಷ್ಟಿ) ಕಡೆ ಹೋದರೆ ಬರೀ ಭೂತಗನ್ನಡಿ ಕೊಡೋ ಕೆಲಸವಾ ಅಂತ ಕೇಳಿದ್ದೀರಿ. ಖಂಡಿತ ಅಲ್ಲ. ಕನ್ನಡಕ, ಆಪರೇಷನ್ ಎಲ್ಲ ಆದಮೇಲೂ ಮಂಜಾಗಿಯೇ ಕಾಣುವವರು ನಮ್ಮ ಹತ್ತಿರ ಬರುತ್ತಾರೆ. ಅವರಿಗೆ ಏನು ಮಾಡಲು ಆಗ್ತಿಲ್ಲ ಅಂತ ಮೊದಲು ಕೇಳಬೇಕು. ಮ್ಯಾಕ್ಯುಲಾ (ನೇರ ನೋಟ ಕೊಡುವ, ಕಣ್ಣಿನ ಒಳಪರದೆಯ ನಡುಭಾಗ) ಹಾಳಾಗಿದ್ದ ಒಬ್ಬ ಅಜ್ಜಿಗೆ ತಟ್ಟೆಯಲ್ಲಿ ಮೊಸರನ್ನ ಎಲ್ಲಿದೆ ಅಂತಲೇ ಕಾಣುತ್ತಿರಲಿಲ್ಲ. ಬಿಳಿ ತಟ್ಟೆ ಬದಲು ಕಡು ನೀಲಿ ತಟ್ಟೆ ಕೊಟ್ಟೆವು, ನೇರ ನೋಡದೆ ಸ್ವಲ್ಪ ಓರೆಯಾಗಿ ನೋಡಲು ಕಲಿಸಿದೆವು. ಮಾರನೇ ವಾರ ಬಂದು ನನ್ನ ಕೈ ಹಿಡಿದುಕೊಂಡರು.

ಒಬ್ಬೊಬ್ಬರಿಗೂ ಸಮಯ ಜಾಸ್ತಿ ಬೇಕು, ತಾಳ್ಮೆ ಇರಲಿ. ಹೈದರಾಬಾದಿನ ಎಲ್‌.ವಿ. ಪ್ರಸಾದ್‌ ಕಣ್ಣಿನ ಆಸ್ಪತ್ರೆ, ಚೆನ್ನೈನ ಶಂಕರ ನೇತ್ರಾಲಯದಲ್ಲಿ ಇದಕ್ಕೆಂದೇ ವಿಭಾಗಗಳಿವೆ. ಅಲ್ಲಿ ಇಂಟರ್ನ್‌ಶಿಪ್ ಸಿಕ್ಕರೆ ಬಿಡಬೇಡಿ.