ಸಂಪಾದಕರ ಉತ್ತರ: ಮೊದಲು ಪಕ್ಕದ ಮನೆ ಹುಡುಕಿ

ಪ್ರಿಯ ಓದುಗರೇ,

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಉಳಿದ ಓದುಗರಿಗೆ ತಿಳಿಯಲಿ ಅಂತ ನಿಮ್ಮ ಪತ್ರದ ವಿಷಯವನ್ನಷ್ಟು ಹೇಳಿಬಿಡುತ್ತೇನೆ. ನಿಮ್ಮ ಸೊಸೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನವರು. ಮೊಮ್ಮಗಳಿಗಾಗಿ ವಂಶವೃಕ್ಷ ಬರೆಯಲು ಕೂತಿರಿ. ಅಪ್ಪನ ಕಡೆ ಏಳು ತಲೆಮಾರು ತುಂಬಿತು, ಅಮ್ಮನ ಕಡೆ ಬರೀ ಎರಡು. ಸೊಸೆಯ ಹತ್ತಿರ ಇದ್ದದ್ದು ಒಂದೇ ಹಳೇ ಕಾಗದ. ಅವರ ಮುತ್ತಜ್ಜಿಯ ತಾಯಿಯ ಜನನ ಪತ್ರ, 1881ರ ಫೆಬ್ರವರಿಯದು. ಮಗುವಿನ ತಂದೆಯದು ಹಿತ್ತಾಳೆ ಎರಕದ ಕೆಲಸ. ವಿಳಾಸ '5 ಕೋರ್ಟ್, 3 ಹೌಸ್', ಮುಂದೆ ಸಮ್ಮರ್ ಲೇನ್ ಹತ್ತಿರದ ಒಂದು ಬೀದಿಯ ಹೆಸರು. ಮಗನ ಮನೆಗೆ ಹೋಗಿದ್ದಾಗ ಎಲ್ಲರೂ ಆ ಕಾಗದ ಹಿಡಿದುಕೊಂಡು ಹೋದಿರಿ. ಬೀದಿಯೇ ಇಲ್ಲ. ಫೋನಿನ ನಕ್ಷೆಯಲ್ಲೂ ಇಲ್ಲ. 'ಬೀದಿಯೇ ಹೋದ ಮೇಲೆ ಮನೆ ಎಲ್ಲಿತ್ತು ಅಂತ ಹೇಳಲು ಆಗುತ್ತದೆಯೇ, ಇಲ್ಲ ಇಲ್ಲಿಗೇ ಬಿಡುವುದು ವಾಸಿಯೇ?' ಎಂದು ಕೇಳಿದ್ದೀರಿ.

ದಯವಿಟ್ಟು ಬಿಡಬೇಡಿ. ನಿಮ್ಮ ಕೈಯಲ್ಲಿರುವ ಕಾಗದ ಒಳ್ಳೆಯ ಕಾಗದ, ಅದರ ಮೇಲಿರುವ ತಿಂಗಳು ಇನ್ನೂ ಒಳ್ಳೆಯದು. ಆದರೆ ನೀವು ಮನೆಯನ್ನು ಹುಡುಕುತ್ತಾ ಹೋದಿರಿ. ಇಂಥ ಊರುಗಳಲ್ಲಿ ಮೊದಲು ಹುಡುಕಬೇಕಾದ್ದು ಅಕ್ಕಪಕ್ಕದವರನ್ನು. ಬಡವರ ಮನೆಗೆ ಗುರುತು ಇರುವುದಿಲ್ಲ. ಬೀದಿಯ ಮೂಲೆಯ ಅಂಗಡಿಗೆ, ಪಬ್ಬಿಗೆ, ಚರ್ಚಿಗೆ ಇರುತ್ತದೆ. ಅವುಗಳನ್ನು ಹಿಡಿದುಕೊಂಡೇ ಒಳಗೆ ಹೋಗಬೇಕು.

ಮೊದಲು ಆ ವಿಳಾಸ ಏನು ಹೇಳುತ್ತದೆ ನೋಡಿ. ಕೋರ್ಟ್ ಅಂದರೆ ನಮ್ಮ ಹಳೇ ವಠಾರ ಅಂದುಕೊಳ್ಳಿ. ಬೀದಿಯ ಸಾಲಿನಲ್ಲಿ ಮನೆಗಳು. ಆ ಮನೆಗಳ ಬೆನ್ನಿಗೆ ಬೆನ್ನು ಹಚ್ಚಿ ಇನ್ನೊಂದು ಸಾಲು, ಅದರ ಬಾಗಿಲು ಹಿಂದಿನ ಅಂಗಳಕ್ಕೆ. ಮೂರು ಕಡೆ ಗೋಡೆ ಬೇರೆ ಮನೆಗೆ ಸೇರಿದ್ದು, ಕಿಟಕಿ ಬಾಗಿಲು ಎಲ್ಲ ಒಂದೇ ಕಡೆ. ಅಂಗಳದಲ್ಲಿ ಎಲ್ಲರಿಗೂ ಸೇರಿ ನೀರು, ಪಾಯಖಾನೆ, ಬಟ್ಟೆ ಒಗೆಯುವ ಕೋಣೆ. ಆ ಕೋಣೆಗೆ ಅಲ್ಲಿನ ಜನ ಬ್ರೂಹೌಸ್ ಎನ್ನುತ್ತಿದ್ದರು. ಬೀದಿಯಿಂದ ಒಳಗೆ ಬರಲು ಎರಡು ಮನೆಗಳ ನಡುವೆ ಒಂದು ಸಣ್ಣ ಓಣಿ. ಬೀದಿ ಕಡೆಯ ಮನೆಗಳಿಗೆ ಬೀದಿಯ ನಂಬರ್. ಒಳಗಿನ ಮನೆಗಳಿಗೆ ವಠಾರದ ನಂಬರ್, ಆಮೇಲೆ ಮನೆಯ ನಂಬರ್. ಇಪ್ಪತ್ತನೇ ಶತಮಾನದ ಆರಂಭದಲ್ಲೂ ಬರ್ಮಿಂಗ್‌ಹ್ಯಾಮಿನಲ್ಲಿ ಇಂಥ ಬೆನ್ನಿಗೆ ಬೆನ್ನು ಹಚ್ಚಿದ ಮನೆಗಳು ಸುಮಾರು 43,000 ಇದ್ದವು. ಅಂದರೆ ನಿಮ್ಮ ಸೊಸೆಯ ಮನೆತನದ್ದು ಅಪರೂಪದ ವಿಳಾಸವಲ್ಲ, ಆ ಊರಿನ ಅರ್ಧ ಕಥೆಯೇ ಅದು.

ಇಂಥ ವಠಾರಗಳೆಲ್ಲ ಎಲ್ಲಿ ಹೋದವು? ಒಂದೇ ಸಲ ಹೋದದ್ದಲ್ಲ. 1854ರಲ್ಲಿ ತೆರೆದ ನ್ಯೂ ಸ್ಟ್ರೀಟ್ ರೈಲು ನಿಲ್ದಾಣಕ್ಕಾಗಿ ಪೆಕ್ ಲೇನ್, ಫ್ರಾಗರಿ ಅಂತ ಕರೆಯುತ್ತಿದ್ದ ಕೇರಿಗಳನ್ನು ಕೆಡವಿದರು. 1875ರಲ್ಲಿ ಜೋಸೆಫ್ ಚೇಂಬರ್ಲಿನ್ ಮೇಯರ್ ಆಗಿದ್ದಾಗ ಮಾಡಿದ ಯೋಜನೆಯಲ್ಲಿ ಲಿಚ್‌ಫೀಲ್ಡ್ ಸ್ಟ್ರೀಟ್ ಸುತ್ತಲಿನ ವಠಾರಗಳು ಹೋಗಿ ಕಾರ್ಪೊರೇಷನ್ ಸ್ಟ್ರೀಟ್ ಬಂತು. ಎರಡನೇ ಮಹಾಯುದ್ಧದ ಬಾಂಬು ಇನ್ನಷ್ಟನ್ನು ತಿಂದಿತು. ಯುದ್ಧ ಮುಗಿದ ಮೇಲೆ, 1947ರಲ್ಲಿ, ನಗರಸಭೆ ಊರಿನ ಮಧ್ಯಭಾಗದ ಸುತ್ತ ಐದು ಪ್ರದೇಶಗಳನ್ನು ಕಡ್ಡಾಯವಾಗಿ ಕೊಂಡುಕೊಂಡಿತು. ಸಮ್ಮರ್ ಲೇನ್ ಸುತ್ತಲಿನದು ಅದರಲ್ಲಿ ಒಂದು. ಅಲ್ಲಿ ಬೀದಿಗಳ ಜಾಲವನ್ನೇ ಅಳಿಸಿ ಹೊಸದಾಗಿ ಕಟ್ಟಿದರು. ಅದಕ್ಕೇ ನಿಮಗೆ ಬೀದಿಯ ಹೆಸರಿನ ಒಂದು ಫಲಕವೂ ಸಿಗಲಿಲ್ಲ.

ಈಗ ಕೆಲಸಕ್ಕೆ ಬರೋಣ. ಇಂಗ್ಲೆಂಡಿನಲ್ಲಿ ಜನಗಣತಿ ನಡೆದದ್ದು 1881ರ ಏಪ್ರಿಲ್ 3ರ ರಾತ್ರಿಯ ಲೆಕ್ಕಕ್ಕೆ. ನಿಮ್ಮ ಕಾಗದದ ಮಗು ಹುಟ್ಟಿದ್ದು ಫೆಬ್ರವರಿಯಲ್ಲಿ. ಒಂದೆರಡು ತಿಂಗಳ ಅಂತರ! ಮನೆ ಬದಲಿಸಿರದಿದ್ದರೆ ಅದೇ ಮನೆಯಲ್ಲಿ ಆ ಕೂಸು ಒಂದೆರಡು ತಿಂಗಳ ವಯಸ್ಸಿನದಾಗಿ ದಾಖಲಾಗಿರುತ್ತದೆ. 1881ರ ಗಣತಿಯ ಹೆಸರುಗಳ ಪಟ್ಟಿಯನ್ನು ಫ್ಯಾಮಿಲಿಸರ್ಚ್ ಜಾಲತಾಣದಲ್ಲಿ ಪುಕ್ಕಟೆ ಹುಡುಕಬಹುದು. ಆದರೆ ಹೆಸರು ಸಿಕ್ಕಿತು ಅಂತ ಅಲ್ಲಿಗೇ ನಿಲ್ಲಿಸಬೇಡಿ. ಮೂಲ ಪುಟದ ಚಿತ್ರ ನೋಡಲೇಬೇಕು. ಅದಕ್ಕೆ ಸ್ವಲ್ಪ ಹಣ ಕೊಡಬೇಕಾದರೂ ಕೊಡಿ.

ಯಾಕೆ ಅಂದರೆ, ಆ ಪುಟ ಒಬ್ಬ ಮನುಷ್ಯ ನಡೆದ ದಾರಿ. ಗಣತಿಯವನು ಬೀದಿಯಲ್ಲಿ ಮನೆ ಮನೆಗೆ ಹೋಗಿ ತಂದ ಹಾಳೆಗಳನ್ನು ಸಾಮಾನ್ಯವಾಗಿ ಅದೇ ಕ್ರಮದಲ್ಲಿ ಪುಸ್ತಕಕ್ಕೆ ಇಳಿಸಿದ್ದಾನೆ. ಎಡಗಡೆ ಹಾಳೆಯ ನಂಬರ್, ಅದರ ಪಕ್ಕದಲ್ಲಿ ಬೀದಿ ಮತ್ತು ಮನೆ ನಂಬರ್. ಒಂದು ಕಟ್ಟಡ ಮುಗಿದ ಕಡೆ ಎರಡು ಓರೆಗೆರೆ, ಅದೇ ಕಟ್ಟಡದಲ್ಲಿ ಇನ್ನೊಂದು ಸಂಸಾರ ಇದ್ದರೆ ಒಂದು ಓರೆಗೆರೆ. ಬೀದಿಯ 41, 43, 45 ಬರೆಯುತ್ತಾ ಬರುತ್ತಾನೆ. ಇದ್ದಕ್ಕಿದ್ದಂತೆ '5 ಕೋರ್ಟ್ 1 ಹೌಸ್' ಬರುತ್ತದೆ. ಅಂದರೆ ಅಲ್ಲಿ ಓಣಿಯೊಳಗೆ ತಿರುಗಿದ. ಆ ವಠಾರ ಮುಗಿದು '47' ಬಂದರೆ ಮತ್ತೆ ಬೀದಿಗೆ ಬಂದ. ಈ ನಂಬರುಗಳು ಉದಾಹರಣೆಗೆ ಹೇಳಿದ್ದು. ನಿಮ್ಮದರಲ್ಲಿ ಬೇರೆ ಇರುತ್ತವೆ. ಆದರೆ ವಠಾರದ ಹಿಂದೆ ಮುಂದೆ ಬಂದ ಆ ಎರಡು ನಂಬರ್ ಇದ್ದಾವಲ್ಲ, ಅವೇ ನಿಮಗೆ ಬೇಕಾದದ್ದು. ಅವುಗಳನ್ನು ಬರೆದಿಟ್ಟುಕೊಳ್ಳಿ. ಆ ಗಣತಿ ಪುಸ್ತಕದ ಮೊದಲ ಪುಟವನ್ನೂ ನೋಡಿ. ಯಾವ ಬೀದಿಯಿಂದ ಯಾವ ಬೀದಿಯವರೆಗೆ ತನ್ನ ಪಾಲು ಅಂತ ಅಲ್ಲಿ ವಿವರ ಇರುತ್ತದೆ. ಇದನ್ನು ಜಾಸ್ತಿ ಜನ ನೋಡುವುದೇ ಇಲ್ಲ.

ಎಲ್ಲರೂ ಹೀಗೇ ಅಚ್ಚುಕಟ್ಟಾಗಿ ಬರೆದಿಲ್ಲ. ಮೊದಲು ಬೀದಿ ಸಾಲನ್ನೆಲ್ಲ ಮುಗಿಸಿ, ಆಮೇಲೆ ವಠಾರಗಳನ್ನೆಲ್ಲ ಒಟ್ಟಿಗೆ ಬರೆದವರೂ ಇದ್ದಾರೆ. ಹಾಗಿದ್ದರೆ ಹಿಂದಿನ, ಮುಂದಿನ ಗಣತಿ ತೆಗೆಯಿರಿ, 1871 ಮತ್ತು 1891. ನಿಮ್ಮವರು ಆಗ ಅಲ್ಲಿ ಇರಲಿಲ್ಲ ಅಂದರೂ ಪರವಾಗಿಲ್ಲ, ವಠಾರ ಇತ್ತಲ್ಲ! ಒಂದು ಎಚ್ಚರ ಮಾತ್ರ. ಹೊಸ ವಠಾರ ಕಟ್ಟಿದಾಗ, ಹಳೆಯದು ಕೆಡವಿದಾಗ ವಠಾರದ ನಂಬರ್ ಬದಲಾಗಬಹುದು. ಬೀದಿಗೇ ಹೊಸ ನಂಬರ್ ಹಾಕುವುದೂ ಉಂಟು. ಆದ್ದರಿಂದ ನಂಬರ್ ನಂಬುವ ಮುಂಚೆ ಪಕ್ಕದ ಮನೆಯವರ ಹೆಸರು, ಕೆಲಸ ತಾಳೆ ನೋಡಿ.

ಮುಂದಿನದು ಡೈರೆಕ್ಟರಿ. ಫೋನ್ ಬರುವ ಮುಂಚೆಯೇ ಇದ್ದ ವ್ಯಾಪಾರಿಗಳ ವಿಳಾಸ ಪುಸ್ತಕಗಳು ಇವು. ಕೆಲ್ಲಿ ಎಂಬ ಪ್ರಕಾಶಕರದು ಹೆಸರುವಾಸಿ. ಲೆಸ್ಟರ್ ವಿಶ್ವವಿದ್ಯಾಲಯದವರು ಇಂಥ ನೂರಾರು ಪುಸ್ತಕಗಳನ್ನು ಜಾಲತಾಣದಲ್ಲಿ ಇಟ್ಟಿದ್ದಾರೆ. 1881ರ ಆಸುಪಾಸಿನದು ಹುಡುಕಿ, ಬೀದಿವಾರು ಭಾಗ ತೆರೆಯಿರಿ. ಎರಕದ ಕೆಲಸದವರ ಹೆಸರು ಅದರಲ್ಲಿ ಹುಡುಕಬೇಡಿ, ಬೇಜಾರಾಗುತ್ತದೆ. ವಠಾರದ ಒಳಗಿನವರನ್ನು ಸಾಮಾನ್ಯವಾಗಿ ಅವರು ಸೇರಿಸುತ್ತಲೇ ಇರಲಿಲ್ಲ. ದುಡಿದು ಊರು ಕಟ್ಟಿದವರನ್ನು ಹೀಗೆ ಬಿಟ್ಟದ್ದು ನೋಡಿದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ. ಆದರೆ ಬೀದಿ ಕಡೆಯ ಅಂಗಡಿಯವರು ಇದ್ದಾರೆ. 41ರಲ್ಲಿ ಕಟುಕ, 45ರಲ್ಲಿ ಚಪ್ಪಲಿ ಹೊಲಿಯುವವನು, ಮೂಲೆಯಲ್ಲಿ ಪಬ್ಬು, ಹೀಗೆ. ಅವರ ನಡುನಡುವೆ 'ಇಲ್ಲಿ ಇಂಥ ಬೀದಿ ಬರುತ್ತದೆ' ಅಂತ ಒಂದು ಸಾಲು ಇರುತ್ತದೆ. ಆ ಸಾಲು ಬಂಗಾರ. ನಿಮ್ಮ ವಠಾರದ ಓಣಿ ಯಾವ ಅಡ್ಡಬೀದಿಯಿಂದ ಎಷ್ಟನೇ ಮನೆ, ಎಡಕ್ಕೋ ಬಲಕ್ಕೋ ಅಂತ ಅದರಿಂದಲೇ ಗೊತ್ತಾಗುತ್ತದೆ.

ಇಷ್ಟಾದ ಮೇಲೆ ನಕ್ಷೆ. ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯವರು ಮೈಲಿಗೆ 25 ಇಂಚಿನ ಲೆಕ್ಕದಲ್ಲಿ ಮಾಡಿದ ಹಳೇ ನಕ್ಷೆಗಳು ಸ್ಕಾಟ್ಲೆಂಡ್ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣದಲ್ಲಿ ಇವೆ. ಅವರು ಹಳೇ ನಕ್ಷೆಯನ್ನು ಇವತ್ತಿನ ನಕ್ಷೆಯ ಮೇಲೆ ಕೂರಿಸಿದ್ದಾರೆ. ಒಂದು ಗುಂಡಿ ಎಳೆದರೆ ಹಳೆಯದು ಮಸುಕಾಗಿ ಹೊಸದು ಕಾಣುತ್ತದೆ. ಇದಕ್ಕಿಂತ ದೊಡ್ಡ ಅಳತೆಯ ನಗರ ನಕ್ಷೆಗಳೂ ಆಗ ಬಂದವು, 1:500 ಪ್ರಮಾಣದವು. ನೀರಿನ ಪಂಪು, ದೀಪದ ಕಂಬ, ಮೆಟ್ಟಿಲು ಎಲ್ಲ ಅವುಗಳಲ್ಲಿ ಇರುತ್ತವೆ. ಲೈಬ್ರರಿ ಆಫ್ ಬರ್ಮಿಂಗ್‌ಹ್ಯಾಮಿನ ದಾಖಲೆ ವಿಭಾಗಕ್ಕೆ ಬರೆದು ನಿಮ್ಮ ಬೀದಿಯ ಹಾಳೆ ಕೇಳಿ. ನಕ್ಷೆಯಲ್ಲಿ ಮನೆ ನಂಬರ್ ಇರುವುದಿಲ್ಲ, ಪಬ್ಬಿನ ಗುರುತು ಇರುತ್ತದೆ. ಡೈರೆಕ್ಟರಿಯ ಮೂಲೆ ಪಬ್ಬನ್ನು ನಕ್ಷೆಯ ಪಬ್ಬಿನ ಮೇಲೆ ಇಡಿ, ಅಲ್ಲಿಂದ ಮನೆ ಎಣಿಸುತ್ತಾ ಬನ್ನಿ, ಓಣಿ ಸಿಗುತ್ತದೆ.

ಮನೆಯ ಒಳಗು ಹೇಗಿತ್ತು ಅಂತ ತಿಳಿಯಲು ಇನ್ನೊಂದು ದಾಖಲೆ ಇದೆ. 1910ರ ಹಣಕಾಸು ಕಾಯ್ದೆಯ ಕೆಳಗೆ ಇಡೀ ಇಂಗ್ಲೆಂಡಿನ ಆಸ್ತಿಗಳಿಗೆ ಬೆಲೆ ಕಟ್ಟಿದರು. ನಕ್ಷೆಯ ಮೇಲೆ ಪ್ರತಿ ಆಸ್ತಿಗೆ ಕೆಂಪು ನಂಬರ್, ಅದೇ ನಂಬರಿಗೆ ಪುಸ್ತಕದಲ್ಲಿ ಒಡೆಯ ಯಾರು, ಬಾಡಿಗೆ ಎಷ್ಟು, ಕೋಣೆ ಎಷ್ಟು, ಸ್ಥಿತಿ ಹೇಗೆ ಅಂತ ವಿವರ. ಪುಸ್ತಕಗಳು ಲಂಡನ್ನಿನ ಕ್ಯೂ ಎಂಬ ಬಡಾವಣೆಯಲ್ಲಿರುವ ರಾಷ್ಟ್ರೀಯ ದಾಖಲಾಲಯದಲ್ಲಿ ಇವೆ. ಮಗ ಒಂದು ದಿನ ಬಿಡುವು ಮಾಡಿಕೊಂಡು ಹೋಗಿ ಬರಲಿ.

ಸೊಸೆಯ ಅಜ್ಜಿಯ ಮನೆಯವರು ಆಸ್ಟನ್ ಕಡೆಯವರು ಎಂದೂ ಬರೆದಿದ್ದೀರಿ. ಅಲ್ಲಿ ಜೋಪಾನ. ಆಸ್ಟನ್ ಮೇನರ್ ಬರ್ಮಿಂಗ್‌ಹ್ಯಾಮಿಗೆ ಸೇರಿದ್ದು 1911ರಲ್ಲಿ. ಬಾಲ್ಸಾಲ್ ಹೀತ್ ಸೇರಿದ್ದು 1891ರಲ್ಲಿ, ಅದಕ್ಕೂ ಮುಂಚೆ ಅದು ವೂಸ್ಟರ್‌ಶೈರ್ ಎಂಬ ಬೇರೆ ಜಿಲ್ಲೆಯಲ್ಲಿತ್ತು. ಅದೇ ವರ್ಷ ಬಂದ ಹಾರ್ಬೋರ್ನ್ ಮೊದಲು ಸ್ಟಾಫರ್ಡ್‌ಶೈರ್ ಜಿಲ್ಲೆಯಲ್ಲಿತ್ತು. ಬರ್ಮಿಂಗ್‌ಹ್ಯಾಮ್ ಅಂತ ಹಾಕಿ ಹುಡುಕಿ, ಸಿಗಲಿಲ್ಲ ಅಂತ ಸುಮ್ನೆ ಕೈಬಿಟ್ಟವರು ಎಷ್ಟೋ ಜನ. ನಂತರದ ವರ್ಷಗಳಿಗೆ 1921ರ ಗಣತಿ ಇದೆ. 1931ರದ್ದು ಬೆಂಕಿಗೆ ಹೋಯಿತು, 1941ರಲ್ಲಿ ಗಣತಿಯೇ ನಡೆಯಲಿಲ್ಲ. ನಡುವೆ, ಯುದ್ಧ ಶುರುವಾದಾಗ ಜನರ ಹೆಸರು ಬರೆದುಕೊಂಡ 1939ರ ಸೆಪ್ಟೆಂಬರಿನ ನೋಂದಣಿ ಪುಸ್ತಕ ಒಂದೇ ಆಸರೆ.

ಏಪ್ರಿಲ್ 3ಕ್ಕೆ ಅವರು ಅಲ್ಲಿ ಇಲ್ಲದೇ ಹೋದರೆ ಗಾಬರಿಯಾಗಬೇಡಿ. ವಾರದ ಬಾಡಿಗೆಯ ಮನೆಗಳು ಅವು. ಕೆಲಸ ಹೋದರೆ, ಮಗು ಹೆಚ್ಚಾದರೆ ಎರಡು ಬೀದಿ ಆಚೆ ಹೋಗುತ್ತಿದ್ದರು. ಆ ಮಗುವಿನ ಅಣ್ಣ, ತಂಗಿ ಎಲ್ಲರ ಜನನ ಪತ್ರ ತರಿಸಿ. ಒಂದೊಂದರಲ್ಲೂ ಒಂದು ವಿಳಾಸ ಇರುತ್ತದೆ. ಕೆಲವು ಕಡೆ '47ರ ಹಿಂದೆ' ಅಂತ ಬರೆದಿದ್ದರೆ ಅದೂ ವಠಾರವೇ, ಅದೇ ಮನೆಯೂ ಇರಬಹುದು.

'ಕೆಡವಿ ಹಾಕಿದ ಬಡವರ ಮನೆ ಹುಡುಕಿ ಸೊಸೆಗೆ ಬೇಸರ ಮಾಡಿದಂತಾಗುವುದಿಲ್ಲವೇ' ಎಂದೂ ಕೇಳಿದ್ದೀರಿ. ನನಗೆ ಹಾಗೆ ಅನ್ನಿಸುವುದಿಲ್ಲ. ನಿಮ್ಮ ಕಡೆಯವರ ಜಮೀನು, ಮನೆ, ದೇವಸ್ಥಾನ ಎಲ್ಲ ಮೊಮ್ಮಗಳಿಗೆ ತೋರಿಸಬಹುದು. ತಾಯಿಯ ಕಡೆಗೂ ತೋರಿಸಲು ಒಂದು ಜಾಗ ಬೇಕಲ್ವಾ? ಹಿತ್ತಾಳೆ ಎರಕ ಹೊಯ್ದು ಮಕ್ಕಳನ್ನು ಸಾಕಿದ ಮನೆ ಅದು. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಸೊಸೆಯನ್ನು ಕರೆದುಕೊಂಡು ಹರ್ಸ್ಟ್ ಸ್ಟ್ರೀಟ್ ಮತ್ತು ಇಂಜ್ ಸ್ಟ್ರೀಟ್ ಸೇರುವ ಮೂಲೆಗೆ ಹೋಗಿ. ಕೋರ್ಟ್ 15 ಅಂತ ಒಂದೇ ಒಂದು ವಠಾರ ಇಡೀ ಊರಿನಲ್ಲಿ ಉಳಿದಿದೆ. ಹಳೇ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ ನೋಡಿಕೊಳ್ಳುತ್ತದೆ, 2004ರಿಂದ ಜನರಿಗೆ ತೆರೆದಿದೆ. 1840, 1870, 1930, 1970ರ ದಶಕಗಳಲ್ಲಿ ಮನೆ ಹೇಗಿತ್ತೋ ಹಾಗೆ ಒಂದೊಂದನ್ನು ಸಜ್ಜು ಮಾಡಿದ್ದಾರೆ. ಮೊದಲೇ ಕಾಯ್ದಿರಿಸಿ ಹೋಗಬೇಕು. 1870ರ ದಶಕದ ಮನೆಯಲ್ಲಿ ಜಾಸ್ತಿ ಹೊತ್ತು ನಿಲ್ಲಿ, ನಿಮ್ಮ ಕಾಗದಕ್ಕೆ ಹತ್ತಿರದ ಕಾಲ ಅದು.

ಸದ್ಯಕ್ಕೆ ಗಣತಿಯ ಪುಟ ತೆಗೆಸಿ. ವಠಾರದ ಹಿಂದಿನ ನಂಬರ್, ಮುಂದಿನ ನಂಬರ್, ಆ ಎರಡು ಮನೆಯವರ ಹೆಸರು ಮತ್ತು ಕೆಲಸ, ಇಷ್ಟನ್ನು ನನಗೆ ಬರೆದು ಕಳಿಸಿ. ಆ ಕಾಲದ ಕೈಬರಹ ಓದಲು ಕಷ್ಟವಾದರೆ ಪುಟದ ಚಿತ್ರವನ್ನೇ ಕಳಿಸಿ. ಡೈರೆಕ್ಟರಿಯಲ್ಲಿ ಆ ಬೀದಿಯ ಪುಟ ಹುಡುಕಿ ತಾಳೆ ನೋಡುವ ಕೆಲಸ ನನಗಿರಲಿ.

ಇಂತಿ ನಿಮ್ಮ,
ಸಂಪಾದಕ