ಜೈಲಿನಿಂದ ಬಂದವರಿಗೆ ನೆರವಾಗುವ ಸಂಸ್ಥೆಗೆ ಹಣ ಕೊಡಬಹುದಾ? ಕೊಟ್ಟರೆ ಯಾವುದಕ್ಕೆ?

ನಿಮ್ಮ ಬಡಾವಣೆಯ ಹತ್ತಿರ ಒಂದು ಸಂಸ್ಥೆ ಇದೆ, ಜೈಲಿನಿಂದ ಬಿಡುಗಡೆಯಾದವರಿಗೆ ಕೆಲವು ತಿಂಗಳು ಇರಲು ಜಾಗ ಕೊಟ್ಟು ಕೆಲಸ ಹುಡುಕಿಕೊಡುತ್ತಾರೆ ಅಂತ ಬರೆದಿದ್ದೀರಿ. ನಿಮಗೆ ಕೊಡುವ ಮನಸ್ಸಿದೆ, ಮನೆಯವರಿಗೆ ಭಯ. ಏನು ಮಾಡಲಿ ಅಂತ ಕೇಳಿದ್ದೀರಿ.

ಕೊಡಿ. ನಾನು ಮೈಸೂರಿನಲ್ಲಿ ಒಂದು ಚಿಕ್ಕ ಮರಗೆಲಸದ ವರ್ಕ್‌ಶಾಪ್ ಇಟ್ಟುಕೊಂಡಿದ್ದೇನೆ. ಇಂಥದ್ದೇ ಒಂದು ಸಂಸ್ಥೆಯ ಮೂಲಕ ಇಲ್ಲಿಯವರೆಗೆ ಮೂವರು ನನ್ನ ಹತ್ತಿರ ಕೆಲಸಕ್ಕೆ ಬಂದಿದ್ದಾರೆ. ಇಬ್ಬರು ನಿಂತರು, ಒಬ್ಬ ನಿಲ್ಲಲಿಲ್ಲ. ನಾನು ಬರೆಯುತ್ತಿರುವುದು ಅದರಿಂದ ಕಲಿತದ್ದನ್ನು.

ಮೊದಲು ಬಂದವರು ಜೀವಾವಧಿ ಶಿಕ್ಷೆಯವರು. 2008ರಲ್ಲಿ ಒಳಗೆ ಹೋದವರು, 14 ವರ್ಷ ಕಳೆದ ಮೇಲೆ ಸನ್ನಡತೆಯ ಆಧಾರದಲ್ಲಿ ಹೊರಗೆ ಬಂದರು. ಮರಗೆಲಸ ಕಲಿತದ್ದು ಜೈಲಿನಲ್ಲೇ. ಕೈ ಬಹಳ ಚೆನ್ನಾಗಿತ್ತು. ಕೈಯಲ್ಲಿ ಕಸುಬಿದೆ, ಇನ್ನೇನು ಬೇಕು ಅಂದುಕೊಂಡೆ. ನಾನು ಅಂದುಕೊಂಡದ್ದು ತಪ್ಪು.

ಕಸುಬಿನ ಕೊರತೆ ದೊಡ್ಡದೇ ಅಲ್ಲ. ಅವರು ಕಲಿತದ್ದು ಗಟ್ಟಿ ಮರದ ಬಾಗಿಲು, ಮೇಜು, ಕುರ್ಚಿ. ನನ್ನ ಹತ್ತಿರ ಬರುವುದು ಜಾಸ್ತಿ ಪ್ಲೈವುಡ್, ಲ್ಯಾಮಿನೇಟ್, ಮಾಡ್ಯುಲರ್ ಕಿಚನ್. ಅದನ್ನು ಒಂದೂವರೆ ತಿಂಗಳಲ್ಲಿ ಹಿಡಿದುಬಿಟ್ಟರು. ಕಷ್ಟವಾದದ್ದು ಬಾಡಿಗೆ ರೂಮು. ಮೂರು ಮನೆ ನೋಡಿದೆವು. ಎಲ್ಲ ಮಾಲೀಕರೂ ಒಂದೇ ಕೇಳಿದರು. ಯಾವ ಊರು? ಇಷ್ಟು ದಿನ ಎಲ್ಲಿದ್ದಿರಿ? ಇಲ್ಲಿ ನಿಮ್ಮನ್ನು ಬಲ್ಲವರು ಯಾರು? ಅವರು ಸುಳ್ಳು ಹೇಳಲಿಲ್ಲ. ರೂಮೂ ಸಿಗಲಿಲ್ಲ. ಕೊನೆಗೆ ನಾಲ್ಕನೆಯ ಕಡೆ ನನ್ನ ಹೆಸರಿನಲ್ಲೇ ಬಾಡಿಗೆ ಕರಾರು ಮಾಡಿಸಿದೆ.

ಅವರು ಒಳಗೆ ಹೋದಾಗ ಆಧಾರ್ ಅನ್ನೋದೇ ಇರಲಿಲ್ಲ. ಹಳೆಯ ಬ್ಯಾಂಕ್ ಖಾತೆ ಬಳಕೆಯಿಲ್ಲದೆ ನಿಂತುಹೋಗಿತ್ತು. ಎರಡು ವರ್ಷ ವ್ಯವಹಾರ ಇಲ್ಲದಿದ್ದರೆ ಹಾಗಾಗುತ್ತದೆ. ಖಾತೆ ಸರಿಮಾಡಿಸಲು ಗುರುತಿನ ಚೀಟಿ ಬೇಕು. ಅದಕ್ಕೆ ವಿಳಾಸ ಬೇಕು. ವಿಳಾಸಕ್ಕೆ ಮನೆ ಬೇಕು. ಮನೆಗೆ, ಆಗಲೇ ಹೇಳಿದೆನಲ್ಲ, ಬಲ್ಲವರು ಬೇಕು. ನಮ್ಮ ಕಡೆ 'ಹೇಳೋರು ಕೇಳೋರು ಇಲ್ಲದವನು' ಅಂತಾರೆ. ಆ ಮಾತಿನ ಅರ್ಥ ನನಗೆ ತಿಳಿದದ್ದು ಆ ಎರಡು ತಿಂಗಳಲ್ಲಿ.

ಊರಿಗೆ ಹೋಗಬಹುದಿತ್ತಲ್ಲ ಅಂತ ನೀವು ಕೇಳಬಹುದು. ಆ ಕೇಸಿನಲ್ಲಿ ಸತ್ತವರ ಮನೆ ಇವರ ಬೀದಿಯಲ್ಲೇ ಇದೆ. 'ಆ ತಾಯಿಯ ಕಣ್ಣಿಗೆ ನಾನು ಬೀಳಬಾರದು ಸಾರ್' ಅಂದರು. ಅವರು ಹೇಳಿದ್ದು ಸರಿ ಅಂತಲೇ ನನಗೆ ಅನ್ನಿಸಿತು. ಬಿಡುಗಡೆಯಾದವರಿಗೆ ನೆರವಾಗುವುದು ಅಂದರೆ ನೊಂದವರನ್ನು ಮರೆಯುವುದಲ್ಲ. ಕೈದಿಗಳ ದುಡಿಮೆಗೆ ನ್ಯಾಯವಾದ ಕೂಲಿ ಕೊಡಬೇಕು, ಅದರಲ್ಲಿ ಒಂದು ಪಾಲನ್ನು ನೊಂದವರಿಗೆ ತೆಗೆದಿಡಬೇಕು ಅಂತ ಸುಪ್ರೀಂ ಕೋರ್ಟ್ 1998ರಲ್ಲೇ ಹೇಳಿದೆ. ಈ ಎರಡೂ ಒಟ್ಟಿಗೆ ನಡೆಯಬೇಕಾದ ಕೆಲಸ.

ಇನ್ನೊಂದು ವಿಷಯ. ಜೈಲಿನಿಂದ ಬಂದವರು ಅಂದ ಕೂಡಲೇ ನಮ್ಮ ತಲೆಗೆ ಬರುವುದು ಶಿಕ್ಷೆ ಮುಗಿಸಿದವರು. ಆದರೆ 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಜನ ವಿಚಾರಣಾಧೀನ ಕೈದಿಗಳು. ಅಂದರೆ ನಾಲ್ವರಲ್ಲಿ ಮೂವರ ಮೇಲಿನ ಆರೋಪ ಇನ್ನೂ ಸಾಬೀತೇ ಆಗಿಲ್ಲ. ನನ್ನ ಹತ್ತಿರ ಬಂದ ಎರಡನೆಯ ಹುಡುಗ ಅಂಥವನು. ಮೊಬೈಲ್ ಕಳವಿನ ಕೇಸು. ಜಾಮೀನು ಸಿಕ್ಕಿತ್ತು, ಆದರೆ ಪಹಣಿ ತಂದು ಶೂರಿಟಿ ನಿಲ್ಲುವವರು ಯಾರೂ ಇರಲಿಲ್ಲ. ಆದೇಶ ಬಂದ ಮೇಲೂ ನಾಲ್ಕು ತಿಂಗಳು ಒಳಗೇ ಇದ್ದ. ಅಲ್ಲೂ ಅದೇ ಪ್ರಶ್ನೆ ನೋಡಿ, ನಿನ್ನನ್ನು ಬಲ್ಲವರು ಯಾರು? ಬಿಟ್ಟದ್ದು ಒಂದು ಸಂಜೆ, ಇದ್ದಕ್ಕಿದ್ದ ಹಾಗೆ. ಶಿಕ್ಷೆ ಮುಗಿಸಿದವರಿಗೆ ಒಳಗೆ ದುಡಿದ ಕೂಲಿಯಾದರೂ ಕೈಯಲ್ಲಿರುತ್ತದೆ. ಇವನ ಹತ್ತಿರ ಬಸ್ಸಿಗೂ ದುಡ್ಡಿರಲಿಲ್ಲ. ಎರಡು ರಾತ್ರಿ ಬಸ್ ಸ್ಟ್ಯಾಂಡಿನಲ್ಲಿ ಮಲಗಿದ್ದ.

ಇದಕ್ಕೆ ದಾರಿ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಜಾಮೀನು ಸಿಕ್ಕಿ ಏಳು ದಿನದಲ್ಲಿ ಬಿಡುಗಡೆ ಆಗದಿದ್ದರೆ ಜೈಲಿನ ಅಧಿಕಾರಿ, ಬಡವರಿಗೆ ಉಚಿತ ಕಾನೂನು ನೆರವು ಕೊಡುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೇ ವರ್ಷ ಕೇಂದ್ರ ಸರ್ಕಾರ ಬಡ ಕೈದಿಗಳಿಗಾಗಿ ಒಂದು ಯೋಜನೆ ತಂದಿತು. ಯೋಜನೆ ಬಂದಾಗ ಜಾಮೀನಿನ ಹಣಕ್ಕೆ 40,000 ರೂಪಾಯಿವರೆಗೆ, ದಂಡ ಕಟ್ಟಲು 25,000 ರೂಪಾಯಿವರೆಗೆ ಅಂತ ಇತ್ತು. ಕಾನೂನು ಸೇವೆಯ ಸಹಾಯವಾಣಿ 15100. ನಿಮ್ಮ ಹತ್ತಿರದ ಆ ಸಂಸ್ಥೆಯವರು ಪ್ರಾಧಿಕಾರದ ಜೊತೆ ಒಡನಾಟ ಇಟ್ಟುಕೊಂಡಿದ್ದಾರಾ ಅಂತ ಕೇಳಿ. ಇದ್ದರೆ ಒಳ್ಳೆಯ ಸೂಚನೆ.

ನಾನಾಗಿದ್ದರೆ ಇನ್ನೂ ಎರಡು ಪ್ರಶ್ನೆ ಕೇಳುತ್ತೇನೆ. ಬಿಡುಗಡೆಗೆ ಮೊದಲೇ ಜೈಲಿಗೆ ಹೋಗಿ ಇವರನ್ನು ಭೇಟಿ ಮಾಡುತ್ತೀರಾ? ಹೊರಗೆ ಬಂದ ಮೇಲೂ ಅದೇ ವ್ಯಕ್ತಿ ಜೊತೆಗಿರುತ್ತಾರಾ? ಒಳಗೆ ಒಬ್ಬರು, ಗೇಟಿನ ಹತ್ತಿರ ಇನ್ನೊಬ್ಬರು, ಹೊರಗೆ ಮತ್ತೊಬ್ಬರು ಅಂತಾದರೆ ಪರಿಚಯ ಬೆಳೆಯುವುದೇ ಇಲ್ಲ. ರಾಜಸ್ಥಾನದ ಸಾಂಗಾನೇರ್‌ನಲ್ಲಿ 1963ರಿಂದ ಒಂದು ತೆರೆದ ಜೈಲು ನಡೆಯುತ್ತಿದೆ. ಅಲ್ಲಿ ಕೈದಿಗಳು ಹೆಂಡತಿ ಮಕ್ಕಳ ಜೊತೆ ಇರುತ್ತಾರೆ, ಹಗಲು ಊರೊಳಗೆ ಕೆಲಸಕ್ಕೆ ಹೋಗುತ್ತಾರೆ, ಸಂಜೆ ಹಾಜರಿಗೆ ವಾಪಸ್ ಬರುತ್ತಾರೆ. ಬಿಡುಗಡೆಯ ದಿನ ಬರುವ ಹೊತ್ತಿಗೆ ಅವರನ್ನು ಬಲ್ಲವರು ಊರಲ್ಲಿ ಆಗಲೇ ಇರುತ್ತಾರೆ. ನಮ್ಮಲ್ಲೂ ದೇವನಹಳ್ಳಿ ತಾಲ್ಲೂಕಿನ ಕೋರಮಂಗಲದಲ್ಲಿ ತೆರೆದ ಜೈಲು ಇದೆ (ಬೆಂಗಳೂರಿನ ಕೋರಮಂಗಲ ಅಲ್ಲ, ಅದು ಹಳ್ಳಿ). ಇಂಥವು ಪ್ರತಿ ಜಿಲ್ಲೆಯಲ್ಲೂ ಬೇಕು ಅನ್ನುವುದು ನನ್ನ ಆಸೆ.

ಹಣ ಯಾವುದಕ್ಕೆ ಅಂತ ಕೇಳಿದಿರಲ್ಲ. ತರಬೇತಿಗೆ ಕೊಡುವವರು ಹೇಗೂ ಸಿಗುತ್ತಾರೆ. ಹೊಲಿಗೆ ಯಂತ್ರ, ಕಂಪ್ಯೂಟರ್ ಕೊಟ್ಟರೆ ಫೋಟೊ ಚೆನ್ನಾಗಿ ಬರುತ್ತದೆ. ನೀವು ಮೊದಲ ಎರಡು ತಿಂಗಳ ಖರ್ಚಿಗೆ ಕೊಡಿ. ರೂಮಿನ ಅಡ್ವಾನ್ಸ್, ಒಂದು ಸಾಧಾರಣ ಫೋನು, ಕಚೇರಿ ಸುತ್ತಲು ಬಸ್ ಚಾರ್ಜು, ಮೊದಲ ಸಂಬಳದವರೆಗೆ ಊಟ. ಸಾಧ್ಯವಾದರೆ ಆ ಸಂಸ್ಥೆಯ ಕಾರ್ಯಕರ್ತರೊಬ್ಬರ ಸಂಬಳದಲ್ಲಿ ಒಂದು ಪಾಲು. ಅದಕ್ಕೆ ಯಾರೂ ಕೊಡುವುದಿಲ್ಲ.

ಆ ಸಂಬಳಕ್ಕೆ ಕೊಡಿ ಅನ್ನುವುದು ಯಾಕೆ ಅಂದರೆ, ಮೂರನೆಯ ಹುಡುಗ ನನ್ನ ಹತ್ತಿರ ಐದು ವಾರ ಇದ್ದ. ಕುಡಿತ ಶುರುವಾಯಿತು. ಮುಂಗಡ ತೆಗೆದುಕೊಂಡವನು ಮಾರನೆಯ ದಿನ ಬರಲಿಲ್ಲ. ನನಗೆ ಸಿಟ್ಟು ಬಂದಿತ್ತು, ಬಿಟ್ಟುಬಿಡಿ ಅಂದೆ. ಆ ಸಂಸ್ಥೆಯ ಮೇಡಂ ಬಿಡಲಿಲ್ಲ. ಎರಡು ಸಲ ಹುಡುಕಿಕೊಂಡು ಹೋದರು, ಎರಡನೆಯ ಸಲ ಸಿಕ್ಕಿದ. ಈಗ ಅವನು ಕುಡಿತ ಬಿಡಿಸುವ ಕೇಂದ್ರದಲ್ಲಿದ್ದಾನೆ. ವಾಪಸ್ ಬರುತ್ತಾನೋ ಇಲ್ಲವೋ, ಬಂದರೆ ಕೆಲಸ ಕೊಡುತ್ತೇನೆ ಅಂತ ಅವರಿಗೆ ಹೇಳಿದ್ದೇನೆ.

ಮನೆಯವರ ಭಯವನ್ನು ಸುಮ್ನೆ ತಳ್ಳಿಹಾಕಬೇಡಿ. ನನ್ನ ಹೆಂಡತಿಗೂ ಭಯವಿತ್ತು. ವರ್ಕ್‌ಶಾಪ್ ಮನೆಯ ಹಿಂದೆಯೇ ಇದೆ, ಮಗಳು ಆಗ ಹೈಸ್ಕೂಲು. ನಾನು ವಾದ ಮಾಡಲಿಲ್ಲ. ಯಾವ ಕೇಸು, ಎಷ್ಟು ವರ್ಷ, ಎಲ್ಲ ಹೇಳಿದೆ; ಹೇಳುತ್ತೇನೆ ಅಂತ ಆ ಮೊದಲು ಬಂದವರಿಗೂ ಮುಂಚೆಯೇ ತಿಳಿಸಿದ್ದೆ. ಆರು ತಿಂಗಳು ಅವರಿಗೆ ಟೀ ತೆಗೆದುಕೊಂಡು ಹೋಗುತ್ತಿದ್ದದ್ದು ನಾನೇ. ಆಮೇಲೊಂದು ದಿನ ನಮ್ಮ ಅತ್ತೆಯ ಮಂಚದ ಕಾಲು ಮುರಿಯಿತು. ಅವರು ಸಂಜೆ ಕೆಲಸ ಮುಗಿದ ಮೇಲೆ ಒಳಗೆ ಬಂದು ಸರಿಮಾಡಿಕೊಟ್ಟರು. ಅತ್ತೆ ಊರು, ಮನೆತನ ಎಲ್ಲ ವಿಚಾರಿಸಿದರು. ಈಗ ಟೀ ಕೊಡುವುದು ನನ್ನ ಹೆಂಡತಿ.

ನೀವು ಮನೆಯವರನ್ನು ಒಂದು ಸಲ ಆ ಸಂಸ್ಥೆಗೆ ಕರೆದುಕೊಂಡು ಹೋಗಿ. ಚೆಕ್ ಆಮೇಲೆ ಬರೆಯಿರಿ.