ಮೀಟಿಂಗ್‌ಗೆ ಒಮ್ಮೆ ಹೋದೆ, ಸರಿ ಬರಲಿಲ್ಲ. ಮುಂದೇನು?

ಪ್ರಶ್ನೆ: ನನಗೆ 36 ವರ್ಷ. ತೋರಣಗಲ್ಲಿನ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಬಳ್ಳಾರಿಯಲ್ಲಿ ಆಸ್ಪತ್ರೆಗೆ ಸೇರಿ ಕುಡಿತ ಬಿಟ್ಟು ನಾಲ್ಕು ತಿಂಗಳಾಯಿತು. ಡಾಕ್ಟರು ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಗುಂಪು) ಮೀಟಿಂಗ್‌ಗೆ ಹೋಗಲು ಹೇಳಿದರು. ಒಮ್ಮೆ ಹೋದೆ. ಎಲ್ಲರೂ ನನಗಿಂತ ದೊಡ್ಡವರು, ದೇವರ ಮಾತು ಬೇರೆ ಜಾಸ್ತಿ. ನನಗೆ ಅದರಲ್ಲಿ ನಂಬಿಕೆ ಕಮ್ಮಿ. ಕಂಪನಿಯವರು ಯಾರಾದರೂ ನೋಡಿದರೆ ಅನ್ನೋ ಭಯವೂ ಇದೆ. ಮನೆಯಾಕೆ ತಾನೂ ಬರ್ತೀನಿ ಅಂತಾಳೆ. ನನಗೆ ಹೊಂದುವ ಗುಂಪು ಹುಡುಕೋದು ಹೇಗೆ?

ಉತ್ತರ: ನಾಲ್ಕು ತಿಂಗಳು ಅಂದರೆ ಸಣ್ಣ ಮಾತಲ್ಲ. ಗುಂಪಿನಲ್ಲಿ ಯಾರಿದ್ದಾರೆ ಅನ್ನೋದನ್ನು ಸ್ವಲ್ಪ ಬದಿಗಿಡಿ. ಮೊದಲು ಇದನ್ನು ಹೇಳಿ: ನೀವು ಕುಡಿಯಲು ಕೂರುತ್ತಿದ್ದದ್ದು ಎಷ್ಟು ಹೊತ್ತಿಗೆ? ಸೆಕೆಂಡ್ ಶಿಫ್ಟ್ ಬಿಟ್ಟ ಮೇಲೆ ರಾತ್ರಿ ಹತ್ತಕ್ಕಾ? ವಾರದ ರಜೆಯ ಸಂಜೆಗಾ? ಪಗಾರ ಆದ ದಿನವಾ? ಆ ಹೊತ್ತನ್ನು ತುಂಬುವ ಗುಂಪೇ ನಿಮ್ಮ ಗುಂಪು. ಎಷ್ಟೇ ಒಳ್ಳೆಯ ಸಭೆಯಾದರೂ ನಿಮ್ಮ ಡ್ಯೂಟಿ ಹೊತ್ತಿಗೇ ನಡೆದರೆ ಏನು ಪ್ರಯೋಜನ?

ಹಾಗಾಗಿ ಮುಂದಿನ ತಿಂಗಳ ಶಿಫ್ಟ್ ಪಟ್ಟಿ ಎದುರಿಗಿಟ್ಟುಕೊಳ್ಳಿ. ಫಸ್ಟ್ ಶಿಫ್ಟ್ ವಾರದಲ್ಲಿ ಸಂಜೆ ಖಾಲಿ ಇರುತ್ತದೆ, ಆಗ ಸಭೆಗೆ ಹೋಗಬಹುದು. ಸೆಕೆಂಡ್ ಶಿಫ್ಟ್ ವಾರದಲ್ಲಿ ಆಗುವುದಿಲ್ಲ. ಆಗ ಬೇಕಾಗುವುದು ಫೋನ್. ಮೀಟಿಂಗ್‌ನಲ್ಲಿ ಇಬ್ಬರ ನಂಬರ್ ತೆಗೆದುಕೊಳ್ಳಿ. ‘ರಾತ್ರಿ ಹತ್ತಕ್ಕೆ ಫೋನ್ ಮಾಡಿದರೆ ನಡೆಯುತ್ತಾ?’ ಅಂತ ಮುಂಚೆಯೇ ಕೇಳಿಬಿಡಿ. ನಾಚಿಕೆ ಬೇಡ, ಅಲ್ಲಿ ಇದು ಮಾಮೂಲು. 1935ರಲ್ಲಿ ಅಮೆರಿಕದ ಅಕ್ರಾನ್ ಊರಿನಲ್ಲಿ ಎಎ ಹುಟ್ಟಿದ್ದೇ ಇಬ್ಬರು ಕುಡುಕರು ಕೂತು ಮಾತಾಡಿದ್ದರಿಂದ. ಗೇಟಿನಿಂದ ಹೊರಬಿದ್ದು ಬಾರಿನ ಮುಂದೆ ಹಾದುಹೋಗುವ ಆ ಹತ್ತು ನಿಮಿಷ ಕಿವಿಗೆ ಫೋನ್ ಇದ್ದರೆ ಅಷ್ಟು ಹೊತ್ತು ದಾಟುವುದು ಸುಲಭ. ಮೊಬೈಲ್‌ನಲ್ಲೇ ಸೇರುವ ಸಭೆಗಳೂ ಇವೆ.

ವಯಸ್ಸಿನ ವಿಷಯ. ನಿಮಗಿಂತ ಇಪ್ಪತ್ತು ವರ್ಷ ದೊಡ್ಡವರ ಕಥೆ ಕೇಳಿ ‘ಇದು ನನ್ನದಲ್ಲ’ ಅನ್ನಿಸಿರಬಹುದು. ಆದರೂ ಒಂದೇ ದಿನಕ್ಕೆ ತೀರ್ಮಾನ ಬೇಡ. ಐದಾರು ಸಲ ಹೋಗಿ ನೋಡಿ, ಸಾಧ್ಯವಾದರೆ ಬೇರೆ ಬೇರೆ ಗುಂಪಿಗೆ. ಒಂದೊಂದು ಗುಂಪಿನ ರೀತಿ ಒಂದೊಂದು. ಕೆಲವು ಕಡೆ ಪುಸ್ತಕ ಓದಿ ಚರ್ಚಿಸುತ್ತಾರೆ, ಕೆಲವು ಕಡೆ ಬರೀ ಅನುಭವ ಹೇಳಿಕೊಳ್ಳುತ್ತಾರೆ. ಒಬ್ಬರು ಮಾತಾಡುವಾಗ ನಡುವೆ ಯಾರೂ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ನಿಮ್ಮ ಸರದಿ ಬಂದಾಗ ‘ಇವತ್ತು ಸುಮ್ನೆ ಕೇಳ್ತೀನಿ’ ಅಂದರೂ ಸಾಕು. ಫೀಸು ಇಲ್ಲ. ಕೊನೆಗೆ ಬಾಡಿಗೆಗೆ, ಚಹಾಕ್ಕೆ ಅಂತ ಒಂದು ಡಬ್ಬಿ ಸುತ್ತು ಬರುತ್ತದೆ, ಅದಕ್ಕೂ ಬಲವಂತವಿಲ್ಲ. ಸದಸ್ಯರಾಗಲು ಇಷ್ಟು ಸಾವಿರ ಕಟ್ಟಿ ಅಂದರೆ ಅದು ಎಎ ಅಲ್ಲ, ಎದ್ದು ಬನ್ನಿ.

ದೇವರ ವಿಷಯಕ್ಕೆ ನಿಮ್ಮ ತಕರಾರು ನನಗೆ ಅರ್ಥವಾಗುತ್ತದೆ. ಕುಡಿತದಿಂದ ಹೊರಬರಲು ಎಎ ಹೇಳುವ ಹನ್ನೆರಡು ಮೆಟ್ಟಿಲುಗಳಲ್ಲಿ ದೇವರು ಬರುತ್ತಾನೆ ನಿಜ, ಆದರೆ ‘ನಾವು ಅರಿತುಕೊಂಡಂತೆ’ ಅನ್ನುವ ಮಾತೂ ಅಲ್ಲೇ ಇದೆ. ಎಷ್ಟೋ ಜನ ಗುಂಪನ್ನೇ ತಮಗಿಂತ ದೊಡ್ಡ ಶಕ್ತಿ ಅಂದುಕೊಂಡು ಮುಂದೆ ಹೋಗುತ್ತಾರೆ. ಸೇರಲು ಬೇಕಾದ್ದು ಕುಡಿತ ಬಿಡಬೇಕೆಂಬ ಆಸೆ ಮಾತ್ರ. ಚರ್ಚಿನ ಕೋಣೆಯಲ್ಲಿ ಸಭೆ ನಡೆದರೆ ಮತದ ಕೆಲಸ ಅಂದುಕೊಳ್ಳಬೇಡಿ, ಜಾಗ ಸಿಕ್ಕಲ್ಲಿ ಸೇರುತ್ತಾರೆ ಅಷ್ಟೇ. ಅಷ್ಟಾದರೂ ಒಗ್ಗದಿದ್ದರೆ, ನಿಮ್ಮ ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ಆಪ್ತ ಸಮಾಲೋಚಕರು ನಡೆಸುವ ಗುಂಪು ಇದೆಯಾ ಕೇಳಿ. ನಮ್ಮ ಕಡೆ ಹಳ್ಳಿಗಳಲ್ಲಿ ಧರ್ಮಸ್ಥಳದವರ ಮದ್ಯವರ್ಜನ ಶಿಬಿರ ಮುಗಿಸಿದವರು ನವಜೀವನ ಸಮಿತಿ ಅಂತ ಸೇರುತ್ತಾರೆ. ಎಷ್ಟೋ ಮನೆಗೆ ಅದರಿಂದ ಒಳ್ಳೆಯದಾಗಿದೆ. ಆದರೆ ಅಲ್ಲಿ ಭಜನೆ, ಪ್ರಾರ್ಥನೆ ಇನ್ನೂ ಜಾಸ್ತಿ, ನಿಮಗೆ ಹಿಡಿಸಲಿಕ್ಕಿಲ್ಲ.

ಯಾರಾದರೂ ನೋಡಿದರೆ? ಆ ಕೋಣೆಯಲ್ಲಿ ಕಂಪನಿಯವನೊಬ್ಬ ಕೂತಿದ್ದರೆ ಅವನೂ ಅದೇ ಕಾರಣಕ್ಕೆ ಬಂದವನು ತಾನೇ? ಹೆಸರು ಹೊರಗೆ ಹೇಳಬಾರದು ಅನ್ನೋದು ಅಲ್ಲಿನ ಮೊದಲ ಕಟ್ಟು. ಆದರೂ ಮನಸ್ಸು ಒಪ್ಪದಿದ್ದರೆ ಹೊಸಪೇಟೆ ಕಡೆ ಗುಂಪು ಇದೆಯಾ ವಿಚಾರಿಸಿ. ನಿಮಗೆ ಬಳ್ಳಾರಿಯಷ್ಟೇ ದೂರ, ರೈಲೂ ಇದೆ. ವ್ಯಸನ ಬಿಡಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿ 14446. ಮನಸ್ಸಿಗೆ ತೀರಾ ಕಷ್ಟವಾದರೆ ಟೆಲಿ ಮಾನಸ್ 14416. ಅದಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಒಂದು ಎಚ್ಚರಿಕೆ. ಅಕಸ್ಮಾತ್ ಮತ್ತೆ ಶುರುವಾಗಿ ಕೆಲವು ದಿನ ಒಂದೇ ಸಮ ಕುಡಿದರೆ, ಮನೆಯಲ್ಲೇ ಹಠ ಹಿಡಿದು ದಿಢೀರನೆ ನಿಲ್ಲಿಸಬೇಡಿ. ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು, ಆಮೇಲೆ ಇಲ್ಲದ್ದು ಕಾಣುವುದು, ಬಡಬಡಿಸುವುದು ಶುರುವಾಗಬಹುದು. ಅದು ಜೀವಕ್ಕೇ ಅಪಾಯ. ಗುಂಪಿಗಿಂತ ಮೊದಲು ಆಸ್ಪತ್ರೆಗೆ ಹೋಗಿ. ಅಲ್ಲಿಂದ ಬಂದ ಮೇಲೆ ಮತ್ತೆ ಗುಂಪಿಗೆ ಹೋಗಬಹುದು, ಯಾರೂ ಹೊರಗೆ ಹಾಕುವುದಿಲ್ಲ.

ನಿಮ್ಮ ಮನೆಯವರು ಬರ್ತೀನಿ ಅಂದದ್ದು ಒಳ್ಳೆಯದೇ. ಯಾರು ಬೇಕಾದರೂ ಕೂರಬಹುದಾದ ಓಪನ್ ಮೀಟಿಂಗ್ ಯಾವ ದಿನ ಅಂತ ಕೇಳಿಕೊಂಡು ಅವತ್ತು ಕರೆದುಕೊಂಡು ಹೋಗಿ. ಕ್ಲೋಸ್ಡ್ ಮೀಟಿಂಗ್ ಕುಡಿತ ಬಿಡಬೇಕೆನ್ನುವವರಿಗೆ ಮಾತ್ರ. ಮನೆಯವರಿಗೇ ಅಂತ ಅಲ್-ಅನಾನ್ ಎಂಬ ಬೇರೆ ಗುಂಪುಗಳಿವೆ. ಇಷ್ಟು ವರ್ಷ ಅವರು ಒಬ್ಬರೇ ನುಂಗಿಕೊಂಡದ್ದನ್ನು ನೀವಿಲ್ಲದ ಕಡೆ ಹೇಳಿಕೊಳ್ಳಲಿ. ಅಲ್ಲಿ ಏನು ಮಾತಾಡಿದೆ ಅಂತ ಮನೆಗೆ ಬಂದ ಮೇಲೆ ಕೆದಕಬೇಡಿ.